ಗೌಜಲಹುಂಡಿಯ ಸೋಮವಾರದ ಮಳೆ

ಗೌಜಲಹುಂಡಿಯಲ್ಲಿ ಸೋಮವಾರ ಸೋಮವಾರ ತಪ್ಪದೆ ಮಳೆಯಾಗುತ್ತದೆ ಎಂಬುದು ಗೌಜಲಹುಂಡಿಯವರನ್ನು ಬಿಟ್ಟು ಮಿಕ್ಕವರಿಗೆಲ್ಲ ಗೊತ್ತಿತ್ತು. ಮೈಸೂರಿನ ಯೋಜನಾ ಕಚೇರಿಗೆ ಗೊತ್ತಿತ್ತು. ಸಮುದ್ರದಾಚೆ ಹಾಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಅಮೃತೇಶನಿಗೆ ಗೊತ್ತಿತ್ತು. ಯಾಕೆಂದರೆ ಅದನ್ನು ಅಳೆದು, ಬರೆದು, ಕಳಿಸುತ್ತಿದ್ದವನೇ ಅವನು.

ಕಪಿಲೆ, ಕಾವೇರಿಗಳ ನಡುವಿನ ಹಳ್ಳಿಗಳ ನೀರಿನ ಕಷ್ಟ ಬಿಡಿಸಬೇಕೆಂದು ಎರಡು ದೇಶಗಳು ಕೂಡಿ ಒಂದು ಯೋಜನೆ ಮಾಡಿದ್ದವು. ಯಾವ ಊರಿಗೆ ಎಷ್ಟು ಮಳೆ ಬೀಳುತ್ತದೆ ಎಂದು ತಿಳಿದರೆ ಎಲ್ಲಿ ಹೊಂಡ ತೋಡಬೇಕು, ಎಲ್ಲಿ ಒಡ್ಡು ಹಾಕಬೇಕು, ಯಾವ ಬೆಳೆ ಇಡಬೇಕು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ ಎನ್ನುವುದು ಅದರ ಸಾರ. ನಂಜನಗೂಡು, ಟಿ. ನರಸೀಪುರ ಎರಡೂ ತಾಲ್ಲೂಕು ಸೇರಿ ನಲವತ್ತು ಊರುಗಳಲ್ಲಿ ನಲವತ್ತು ಮಳೆಮಾಪಕ ನೆಟ್ಟರು. ಒಂದೊಂದಕ್ಕೆ ಒಬ್ಬೊಬ್ಬ ವೀಕ್ಷಕ. ಕಳಲೆಯಿಂದ ಎರಡು ಕಿಲೋಮೀಟರ್ ಒಳಗಿರುವ ಗೌಜಲಹುಂಡಿಗೆ ಅಮೃತೇಶ.

ಅಮೃತೇಶ ನಂಜನಗೂಡಿನವನು. ಬಿ.ಎಸ್ಸಿ. ಮಾಡಿದ್ದ. ಇದಕ್ಕೆ ಮೊದಲು ಮೂರು ಕೆಲಸ ಬಿಟ್ಟಿದ್ದ. ಸರಿಯಾಗಿ ಹೇಳಬೇಕೆಂದರೆ ಮೂರು ಕೆಲಸಗಳು ಅವನನ್ನು ಬಿಟ್ಟಿದ್ದವು. ಎದುರು ಮಾತಾಡುವವನಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತನ್ನ ಕಾಲು ಅಲ್ಲಿದ್ದದ್ದಕ್ಕೆ ತಾನೇ ಸಾರಿ ಕೇಳುವ ಜಾತಿ. ಇಂಥವನಿಗೆ ಮಳೆ ಅಳೆಯುವ ಕೆಲಸ ಹೇಳಿ ಮಾಡಿಸಿದಂತಿತ್ತು. ಬೆಳಿಗ್ಗೆ ಎಂಟೂವರೆಗೆ ಡಬ್ಬದೊಳಗಿನ ಸೀಸೆ ತೆಗೆದು, ನೀರನ್ನು ಅಳತೆಯ ಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ನೋಡಿ, ರಿಜಿಸ್ಟರಿನಲ್ಲಿ ಬರೆದು, ಮೈಸೂರಿಗೆ ವಾಟ್ಸಾಪ್ ಮಾಡಿದರೆ ಮುಗಿಯಿತು. ಯಾರೊಡನೆಯೂ ಮಾತಿಲ್ಲ, ಕತೆಯಿಲ್ಲ.

ತರಬೇತಿಯಲ್ಲಿ ಯೋಜನಾ ಸಂಯೋಜಕ ಮದನ್ ಸಾರ್ ಹೇಳಿದ್ದ ಮಾತನ್ನು ಅವನು ವೇದವಾಕ್ಯವಾಗಿ ಇಟ್ಟುಕೊಂಡಿದ್ದ. "ಗಾಜಲ್ಲಿ ಕಂಡದ್ದನ್ನ ಬರೀರಿ. ತಲೆ ಉಪಯೋಗಿಸಬೇಡಿ. ತಲೆ ಉಪಯೋಗಿಸೋಕೆ ಮೈಸೂರಲ್ಲಿ ನಾವಿದ್ದೀವಿ."

ಹಾಗಾಗಿ ಸೋಮವಾರಗಳಂದು ಊರೆಲ್ಲ ಒಣಗಿ ಹಪ್ಪಳವಾಗಿದ್ದರೂ ಸೀಸೆಯಲ್ಲಿ ಇಪ್ಪತ್ತೈದು ಮಿಲಿಮೀಟರ್ ನೀರು ಕಂಡಾಗ ಅಮೃತೇಶ ಇಪ್ಪತ್ತೈದು ಎಂದೇ ಬರೆದ. ಮಾಪಕದ ಬುಡ ಒದ್ದೆಯಾಗಿರುತ್ತಿತ್ತು, ಡಬ್ಬದ ಬಾಯಿಗಿಟ್ಟ ಲಾಳಿಕೆಯಲ್ಲಿ ಒಂದೊಂದು ದಾಸವಾಳ ಬಿದ್ದಿರುತ್ತಿತ್ತು. ಗಾಳಿಯೂ ಜೋರಿತ್ತೆಂದು ಕಾಣುತ್ತದೆ ಎಂದುಕೊಂಡ. ಒಂದು ಸಲ ಮಾತ್ರ ಧೈರ್ಯ ಮಾಡಿ, ಎದುರು ಸಿಕ್ಕಿದ ಪಂಚಾಯ್ತಿ ಮೆಂಬರ್ ಬಸವಯ್ಯನನ್ನು, "ರಾತ್ರಿ ಮಳೆ ಬಂತಾ?" ಎಂದು ಕೇಳಿದ್ದ. "ಬಂದಿರ್ಬೋದು ಸಾ, ನಾನು ಮನಿಕಂಡಿದ್ದೆ" ಎಂದು ಬಸವಯ್ಯ ಹೇಳಿದ್ದ. ವಿಚಾರಣೆ ಅಲ್ಲಿಗೆ ಮುಗಿದಿತ್ತು.

ಮೈಸೂರಿನಲ್ಲಿ ಮದನ್ ಸಾರ್ ತಲೆ ಉಪಯೋಗಿಸಿದರು. ಭಾನುವಾರ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ರಜ. ರಜದ ದಿನ ಹೊಗೆ ಕಡಿಮೆ. ಹೊಗೆ ಕಡಿಮೆಯಾದರೆ ಮೋಡದ ನಡತೆ ಬದಲಾಗಿ ಗಾಳಿಯ ದಿಕ್ಕಿಗಿರುವ ಗೌಜಲಹುಂಡಿಯ ಮೇಲೆ ಸೋಮವಾರ ಮಳೆ. ಇದನ್ನು ಇಪ್ಪತ್ತೆರಡು ಪುಟ ಬರೆದು, ನಡುವೆ ಬಣ್ಣದ ನಕ್ಷೆಗಳನ್ನು ಹಾಕಿ ಹಾಲೆಂಡಿಗೆ ಕಳಿಸಿದರು. ಅಲ್ಲಿಂದ ಬಂದ ಉತ್ತರ ಒಂದೇ ಸಾಲು: ಪ್ರೊಫೆಸರ್ ಡಿರ್ಕ್ ಖುದ್ದು ಬರುತ್ತಾರೆ, ಸೋಮವಾರವೇ ಬರುತ್ತಾರೆ.

ಭಾನುವಾರ ಸಂಜೆ ಮದನ್ ಸಾರ್ ಫೋನ್ ಮಾಡಿದರು. "ಅಮೃತೇಶ್, ಮೊದಲನೇ ಹಂತ ಈ ತಿಂಗಳಿಗೆ ಮುಗೀತು. ಎರಡನೇ ಹಂತ ಐದು ವರ್ಷ. ನಿಮ್ಮೂರಿಗೆ ಒಂದು ಹುದ್ದೆ ಇಟ್ಟಿದ್ದಾರೆ. ಅದು ಯಾರಿಗೆ ಅನ್ನೋದನ್ನ ನಾಳೆ ಪ್ರೊಫೆಸರೇ ಹೇಳ್ತಾರೆ. ಮಳೆ ಒಂದು ಬಂದುಬಿಡಲಿ, ನಿಮ್ಮ ಕೆಲಸ ಗ್ಯಾರಂಟಿ."

ಐದು ವರ್ಷ ಎಂಬ ಮಾತು ಕೇಳಿ ಅಮೃತೇಶನ ತಾಯಿ ಪಾಯಸ ಮಾಡಿದರು. ಪಾಯಸ ಕುಡಿದು ಮಲಗಿದವನಿಗೆ ನಿದ್ದೆ ಬರಲಿಲ್ಲ. ಮಾಪಕದ ಸುತ್ತ ಗುಡಿಸಿ, ತಂತಿಬೇಲಿ ನೆಟ್ಟಗೆ ಮಾಡಿಡೋಣವೆಂದು ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಕಳಲೆಯಲ್ಲಿ ಇಳಿದು ನಡೆದ. ಎಂಟೂ ಇಪ್ಪತ್ತೈದಕ್ಕೆ ಹೋಗುವವನು ಅಂದು ಏಳಕ್ಕೇ ಶಾಲೆಯ ಹಿಂದಿನ ಬಯಲು ತಲುಪಿದ. ತಲುಪಿದವನು ಅಲ್ಲೇ ನಿಂತ.

ಮಾಪಕದ ಸುತ್ತ ಏಳು ಜನ ಹೆಂಗಸರಿದ್ದರು. ಏಳು ಜನರ ಕೈಯಲ್ಲೂ ಚೊಂಬು. ಎಪ್ಪತ್ತು ದಾಟಿದ ಚನ್ನಾಜಮ್ಮ ಒದ್ದೆ ತಲೆಗೆ ಸೆರಗು ಹೊದ್ದು, "ನಂಜುಂಡಾ, ತಂದೇ" ಎನ್ನುತ್ತ ಹಿತ್ತಾಳೆಯ ಚೊಂಬಿನಿಂದ ಲಾಳಿಕೆಯೊಳಕ್ಕೆ ಸಣ್ಣ ಧಾರೆಯಾಗಿ ನೀರು ಬಿಡುತ್ತಿದ್ದರು. ಅಂದಿನ ವಿಶೇಷಕ್ಕೆ ಡಬ್ಬದ ಮೈಮೇಲೆ ಮೂರೆಳೆ ವಿಭೂತಿ. ಬುಡದಲ್ಲಿ ಊದುಬತ್ತಿ.

ಅಮೃತೇಶನಿಗೆ ಮೊದಲು ಹೊಳೆದದ್ದು ಚೊಂಬಿನ ಅಳತೆ. ಅರ್ಧ ಲೀಟರಿನ ಚೊಂಬು. ಲಾಳಿಕೆಯ ಅಗಲಕ್ಕೆ ಅರ್ಧ ಲೀಟರ್ ಎಂದರೆ ಸರಿಯಾಗಿ ಇಪ್ಪತ್ತೈದು ಮಿಲಿಮೀಟರ್. ಹದಿನಾಲ್ಕು ತಿಂಗಳ ಅವನ ಮಳೆ ಆ ಮುದುಕಿಯ ಕೈಯಲ್ಲಿ ತೂಗಾಡುತ್ತಿತ್ತು.

"ಅಜ್ಜಿ, ಏನು ಮಾಡ್ತಾ ಇದ್ದೀರಿ?" ಎಂದ.

"ಬಾ ಮಗ ಬಾ. ಚಪ್ಲಿ ಆಚೆ ಬುಡು" ಎಂದರು ಚನ್ನಾಜಮ್ಮ, ಧಾರೆ ತಪ್ಪಿಸದೆ. "ಕಾಣಾಕಿಲ್ವಾ, ಸ್ವಾಮಿಗೆ ನೀರು ಬುಡ್ತಿವ್ನಿ."

"ಅಜ್ಜಿ, ಇದು ಸ್ವಾಮಿ ಅಲ್ಲ. ಮಳೆ ಅಳೆಯೋ ಡಬ್ಬ."

"ನಿಮ್ಮವ್ವ ನಿನ್ನ ಬರೀ ಮಾಂಸದ ಮುದ್ದೆ ಅಂದ್ಕಂಡಿದ್ರೆ ನೀನು ಇಷ್ಟುದ್ದ ಬೆಳೀತಿದ್ಯಾ?" ಎಂದು ಚನ್ನಾಜಮ್ಮ ಕೇಳಿದರು. "ಅಲ್ಲ ಕಣಪ್ಪ, ನೀವೇ ತಾನೇ ತಂದು ಪೀಠ ಕಟ್ಟಿ ಕೂರ್ಸುದ್ದು? ಅಧ್ಯಕ್ಸ್ರು ಕಾಯಿ ಒಡುದ್ರು, ಊವ ಆಕುದ್ರು, ಇಬೂತಿ ಇಟ್ರು. ಆ ಬಿಳೀ ದೊರೆಗಳೂ ಕೈ ಮುಗುದ್ರು. ಆಮೇಕೆ ಯಾರೂ ಮುಟ್ಬಾರ್ದು ಅಂತ ಬೇಲಿ ಆಕುದ್ರಿ. ಪಾಪ, ಕೂರ್ಸಿದ್ಮೇಲೆ ಒಬ್ರೂ ಒಂದು ತೊಟ್ಟು ನೀರು ಬುಡ್ಲಿಲ್ಲ. ನಂಗೆ ತಡೀನಿಲ್ಲ."

ಉದ್ಘಾಟನೆಯಂದು ತಾನೂ ಮಂಗಳಾರತಿ ತೆಗೆದುಕೊಂಡದ್ದು ಅಮೃತೇಶನಿಗೆ ನೆನಪಾಯಿತು.

"ಹೋಗಲಿ, ಇವರೆಲ್ಲ ಯಾಕೆ ಬಂದಿದ್ದಾರೆ?"

"ನಂ ಮಂಡಿ ನೋವು ಓದದ್ದು ಇಲ್ಲೇ ಕಣಪ್ಪ. ಅದ್ಕೇ ಪರ್ದೇಸ್ದಿಂದೆಲ್ಲ ಅರಕೆ ಒತ್ಕಂಡು ಬತ್ತಾವ್ರಂತಲ್ಲ ಇವತ್ತು. ಅವ್ರು ಬರೋ ಒತ್ಗೆ ನಮ್ಮೂರ ಸ್ವಾಮಿ ಒಣ್ಕಂಡು ಕುಂತಿದ್ರೆ ಮರ್ಯಾದೆಯಾ?"

ಹೆಂಗಸರು ಹೌದು ಹೌದು ಎಂದು ಒಬ್ಬೊಬ್ಬರಾಗಿ ಚೊಂಬು ಬಗ್ಗಿಸಿ ಮುಗಿಸಿದರು. ಅಮೃತೇಶ ಸೀಸೆ ತೆಗೆದು ಅಳೆದ. ನೂರ ಎಪ್ಪತ್ತೈದು ಮಿಲಿಮೀಟರ್. ಅಷ್ಟು ಮಳೆ ನಿಜವಾಗಿ ಬಿದ್ದಿದ್ದರೆ ಕಪಿಲೆ ಈ ಹೊತ್ತಿಗೆ ನಂಜನಗೂಡಿನ ದೇವಸ್ಥಾನದ ಬಾಗಿಲು ತಟ್ಟುತ್ತಿದ್ದಳು.

ಅಷ್ಟರಲ್ಲಿ ಹಲ್ಲುಜ್ಜುತ್ತ ಬಸವಯ್ಯ ಬಂದ. ಬಾಯ ತುಂಬ ನೊರೆಯಿದ್ದರೂ ಸಲಹೆ ಕೊಡಲು ಅದು ಅವನಿಗೆಂದೂ ಅಡ್ಡಿಯಾದದ್ದಿಲ್ಲ. ಅಮೃತೇಶ ನಿಧಾನವಾಗಿ ಎಲ್ಲ ಹೇಳಿದ. ಸುಳ್ಳು ಮಳೆಯೆಂದು ಗೊತ್ತಾದರೆ ತನ್ನ ಕೆಲಸ ಹೋಗುತ್ತದೆ ಎಂದ. ಬಸವಯ್ಯ ಉಗಿದು ಬಾಯಿ ಒರೆಸಿಕೊಂಡು ಯೋಚಿಸಿದ.

"ಎಲ್ಲಾನೂ ಚೆಲ್ಬುಡಿ ಸಾ."

"ಚೆಲ್ಲಿದ್ರೆ ಸೊನ್ನೆ ಆಗುತ್ತೆ. ಅವರು ನೋಡೋಕೆ ಬರ್ತಿರೋದೇ ಸೋಮವಾರದ ಮಳೇನ. ಇಷ್ಟು ದಿನ ಕಳ್ಳಲೆಕ್ಕ ಬರೆದೆ ಅಂತಾರೆ."

"ಅಂಗಾರೆ ಒಂದು ಚೊಂಬು ಮಡೀಕಳಿ. ಇಪ್ಪತ್ತೈದು."

"ಡಬ್ಬದಲ್ಲಿ ಇಪ್ಪತ್ತೈದಿದ್ದು ಊರು ಒಣಗಿದ್ರೆ? ಅವರಿಗೇನು ಕಣ್ಣಿಲ್ವಾ?"

ಬಸವಯ್ಯ ಸುತ್ತ ನೋಡಿದ. ಬಿಸಿಲು ಆಗಲೇ ಹೆಂಚಿನ ಮೇಲೆ ಕೂತಿತ್ತು. ರಸ್ತೆಯ ಧೂಳಿನಲ್ಲಿ ಕೋಳಿಗಳು ಸ್ನಾನ ಮಾಡುತ್ತಿದ್ದವು. "ಅಷ್ಟೇ ತಾನೇ" ಎಂದ ಅವನು, ಚುನಾವಣೆಗೆ ನಿಂತವನ ಗತ್ತಿನಲ್ಲಿ. "ಊರ್ನೇ ನೆನ್ಸುದ್ರೆ ಆಯ್ತು."

ಅಮೃತೇಶ ಬೇಡವೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಸವಯ್ಯ ಫೋನ್ ತೆಗೆದಿದ್ದ. ಐದು ನಿಮಿಷದಲ್ಲಿ ಪಂಚಾಯ್ತಿಯ ವಾಟರ್‌ಮ್ಯಾನ್ ಕರಿಯಯ್ಯ ಬಂದ. ವಿಷಯ ಕೇಳಿ ಅವನ ಮುಖ ಹುಣಸೆಹಣ್ಣಾಯಿತು.

"ಟ್ಯಾಂಕಲ್ಲಿರಾದು ಕುಡಿಯಾ ನೀರು ಕಣ್ರೀ. ತ್ರೀಫೇಸ್ ಕರೆಂಟು ಬರಾದು ಇನ್ನು ರಾತ್ರಿಗೇಯ. ಇದ್ನ ಖಾಲಿ ಮಾಡುದ್ರೆ ನಾಳೆ ಗಂಟ ನಲ್ಲಿ ಬರಾಕಿಲ್ಲ."

"ಲೇ ಕರಿಯಯ್ಯ, ಮಳೆ ಇಲ್ಲ ಅಂದ್ರೆ ಯೋಜನೆಯವ್ರು ಊರು ಬುಟ್ಟು ಓಯ್ತಾರೆ. ಒಂಡ ಓಯ್ತದೆ, ಒಡ್ಡು ಓಯ್ತದೆ. ನೀರು ಉಳ್ಸೋ ಯೋಜ್ನೆ ಉಳೀಬೇಕು ಅಂದ್ರೆ ವಸಿ ನೀರು ಚೆಲ್ಲಾಕೇ ಬೇಕು ಕಣ್ಲಾ."

ಕರಿಯಯ್ಯ ವಾಲ್ವ್ ತಿರುಗಿಸಿದ. ದಪ್ಪ ಪೈಪು ಹಿಡಿದು ಇಬ್ಬರು ರಸ್ತೆಗಿಳಿದರು. ಹೆಂಗಸರು ಕೊಡ ತುಂಬಿ ಸೂರಿಗೆ ಎರಚಿದರು. ಔಷಧಿ ಹೊಡೆಯುವ ಸ್ಪ್ರೇಯರ್‌ಗಳನ್ನು ಬೆನ್ನಿಗೆ ಕಟ್ಟಿಕೊಂಡು ನಾಲ್ಕು ಜನ ಮರಗಳಿಗೆ ಹೊಡೆಯತೊಡಗಿದರು. ಅವರಲ್ಲಿ ಚಾಮಯ್ಯ ಒಬ್ಬ. ಅವನು ಸಾವಯವ ಕೃಷಿಕ. ಅವಸರದಲ್ಲಿ ಸ್ಪ್ರೇಯರ್ ತೊಳೆಯಲು ಪುರುಸೊತ್ತಾಗದೆ, ಹಿಂದಿನ ದಿನ ಸೋಸಿ ತುಂಬಿದ್ದ ಸಗಣಿ, ಗಂಜಲ, ಬೆಲ್ಲದ ಜೀವಾಮೃತವನ್ನೇ ಅರ್ಧ ಬೀದಿಗೆ ಮಳೆಗರೆದ. ಬೆಲ್ಲದ ವಾಸನೆಗೆ ಮೂರು ಹಸು ಹಗ್ಗ ಕಿತ್ತುಕೊಂಡು ಬಂದು ರಸ್ತೆ ನೆಕ್ಕಲು ನಿಂತವು.

"ಯಾವೋನ್ಲಾ ಅವ್ನು, ನನ್ ರಾಗಿ ಮ್ಯಾಕೆ ನೀರು ಬುಟ್ಟೋನು?" ಎಂದು ರಾಮಮ್ಮ ಪೊರಕೆ ಹಿಡಿದು ಬಂದಳು. ರಸ್ತೆಯಲ್ಲಿ ಒಣಗಲು ಹರವಿದ್ದ ಅವಳ ರಾಗಿ ಆಗಲೇ ಮುದ್ದೆಗೆ ಅರ್ಧ ದಾರಿ ಬಂದಿತ್ತು.

ಪೈಪು ಹಿಡಿದಿದ್ದವರು ಇಬ್ಬರೂ ಅಮೃತೇಶನ ಕಡೆ ಬೆರಳು ತೋರಿಸಿದರು. ಅಮೃತೇಶ ಅಭ್ಯಾಸಬಲದಿಂದ ಸಾರಿ ಕೇಳಿದ.

"ಸಾರಿ ಬೀಸಾಕೆ ಬತ್ತದಾ?" ಎಂದು ರಾಮಮ್ಮ ಅವನ ಕೈಗೆ ಮೊರ ಕೊಟ್ಟಳು. ಹತ್ತು ನಿಮಿಷ ಅವನು ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ರಾಗಿ ಬಾಚಿದ. ಬಾಚುತ್ತಲೇ ಚನ್ನಾಜಮ್ಮನಿಗೆ ಹೇಳಿಕೊಟ್ಟ: ಕಾರು ಬಂದಾಗ ಅವರು ಶಾಲೆಯ ಅಡುಗೆಮನೆಯಲ್ಲಿ ಕೂತಿರಬೇಕು, ಹೊರಗೆ ಬರಕೂಡದು, ಯಾರು ಕೇಳಿದರೂ ಆ ಕಡೆ ಕಾಲೇ ಇಟ್ಟಿಲ್ಲ ಎನ್ನಬೇಕು.

"ಸ್ವಾಮಿ ವಿಸ್ಯದಲ್ಲಿ ಸುಳ್ಳಾ?" ಎಂದರು ಚನ್ನಾಜಮ್ಮ.

"ಸುಳ್ಳಲ್ಲ ಅಜ್ಜಿ, ಸುಮ್ಮನಿರೋದು. ನನ್ನ ಐದು ವರ್ಷದ ಅನ್ನ."

ಅನ್ನ ಎಂದದ್ದಕ್ಕೆ ಅಜ್ಜಿ ಕರಗಿದರು. ಚೊಂಬು ಎತ್ತಿಕೊಂಡು ಒಳಗೆ ಹೋದರು. ಅಮೃತೇಶ ಓಡಿ ಬಂದು ಸೀಸೆಯಲ್ಲಿ ಇಪ್ಪತ್ತೈದು ಉಳಿಸಿ ಮಿಕ್ಕದ್ದು ಚೆಲ್ಲಿ, ಊದುಬತ್ತಿ ಕಿತ್ತು, ಕರವಸ್ತ್ರದಿಂದ ವಿಭೂತಿ ಒರೆಸಿದ. ಬೇಲಿಯಿಂದ ಹೊರಬರುವುದಕ್ಕೂ ಕಾರಿನ ಹಾರ್ನ್ ಕೇಳುವುದಕ್ಕೂ ಸರಿಹೋಯಿತು.

ಮದನ್ ಸಾರ್ ಮೊದಲು ಇಳಿದರು. ಊರ ಗಡಿಯ ಕಲ್ಲಿನವರೆಗೆ ಧೂಳು ಹಾರುತ್ತಿದ್ದ ರಸ್ತೆ ಅಲ್ಲಿಂದಾಚೆ ಗೆರೆ ಎಳೆದಂತೆ ಒದ್ದೆಯಾಗಿತ್ತು. ಸೂರುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬಸವಯ್ಯ ಚುರುಗುಟ್ಟುವ ಬಿಸಿಲಲ್ಲಿ ಕೊಡೆ ಹಿಡಿದು, ಆಗತಾನೆ ಮಳೆ ನಿಂತಿತೆಂಬಂತೆ ಆಕಾಶ ನೋಡುತ್ತಿದ್ದ.

"ನೋಡಿದ್ರಾ ಪ್ರೊಫೆಸರ್, ಎಷ್ಟು ಖಚಿತವಾದ ಗಡಿ" ಎಂದು ಮದನ್ ಸಾರ್ ಇಂಗ್ಲಿಷಿನಲ್ಲಿ ಹಿಗ್ಗಿದರು. ಆಮೇಲೆ ಮೂಗರಳಿಸಿ ಕನ್ನಡದಲ್ಲಿ, "ಅಮೃತೇಶ್, ಇದೇನ್ರೀ ಮಳೇಲಿ ಗಂಜಲದ ವಾಸನೆ?" ಎಂದರು.

"ಮಳೆ ಬಿದ್ದ ಮಣ್ಣಿನ ವಾಸನೆ ಸಾರ್" ಎಂದ ಅಮೃತೇಶ. ಜೀವಮಾನದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯವಾಯಿತು.

ಪ್ರೊಫೆಸರ್ ಡಿರ್ಕ್ ತೆಂಗಿನ ಮರದಂತೆ ಎತ್ತರದ, ಮಾತು ಕಡಿಮೆಯ ಮನುಷ್ಯ. ರಸ್ತೆ ನೋಡಿದರು, ನೆಕ್ಕುವ ಹಸುಗಳನ್ನು ನೋಡಿದರು, ಬಯಲಿಗೆ ನಡೆದರು. ಅಮೃತೇಶ ಸೀಸೆ ತೆಗೆದು ಗಾಜಿಗೆ ಸುರಿದ. ಇಪ್ಪತ್ತೈದು. ತುದಿಗಾಲಲ್ಲಿ ನಿಂತು ಗಾಜನ್ನು ಪ್ರೊಫೆಸರ್ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ.

ಪ್ರೊಫೆಸರ್ ಗಾಜನ್ನು ನೋಡಲೇ ಇಲ್ಲ. ಮಾಪಕದ ಹಿಂದಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಅಮೃತೇಶ ಒರೆಸಿದ್ದು ಮುಂದಿನ ಭಾಗವನ್ನು ಮಾತ್ರ. ಹಿಂದೆ ಮೂರೆಳೆ ವಿಭೂತಿ ಬೆಳ್ಳಗೆ ನಗುತ್ತಿತ್ತು. ಪ್ರೊಫೆಸರ್ ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಏನೋ ಕೇಳಿದರು. ಮದನ್ ಸಾರ್ ಹುಬ್ಬು ಗಂಟಿಕ್ಕಿಕೊಂಡು ಕನ್ನಡಕ್ಕೆ ತಂದರು.

"ಪ್ರತಿ ಸೋಮವಾರ ಇಲ್ಲಿ ನೀರು ಹಾಕೋರು ಯಾರು ಅಂತ ಕೇಳ್ತಿದ್ದಾರೆ."

"ಯಾರೂ ಇಲ್ಲ ಸಾರ್, ಮಳೆ" ಎಂದ ಅಮೃತೇಶ. ಬಸವಯ್ಯ ಸಾಕ್ಷಿಗೆಂದು ಕೊಡೆ ಕೊಡವಿದ. ಒಂದು ಹನಿಯೂ ಬೀಳಲಿಲ್ಲ.

"ಸರಿಯಾಗಿ ಯೋಚನೆ ಮಾಡಿ ಹೇಳಬೇಕಂತೆ. ಯಾರೂ ಬರಲ್ವಾ?"

"ದೇವರಾಣೆಗೂ ಯಾರೂ ಬರಲ್ಲ ಸಾರ್. ಆ ಮಾಪಕದ ಹತ್ತಿರ ನಾನು ಬಿಟ್ಟು ಒಂದು ನರಪಿಳ್ಳೆ ಸುಳಿಯಲ್ಲ."

ಪ್ರೊಫೆಸರ್ ಮುಖ ಬಾಡಿತು. ನಿಟ್ಟುಸಿರು ಬಿಟ್ಟು ಎದ್ದರು, ಚೀಲದಿಂದ ಒಂದು ಕಾಗದ ತೆಗೆದು ಹರಿಯಹೋದರು. ಅಷ್ಟರಲ್ಲಿ ಶಾಲೆಯ ಅಡುಗೆಮನೆಯ ಬಾಗಿಲು ಧಡಾರನೆ ತೆರೆಯಿತು.

"ದ್ಯಾವ್ರಾಣೆ ಮಾತ್ರ ಆಕ್ಬ್ಯಾಡ ಕಣ್ಲಾ" ಎನ್ನುತ್ತ ಚನ್ನಾಜಮ್ಮ ಚೊಂಬಿನ ಸಮೇತ ಬಂದರು. "ನಾನೇ ಕಣಪ್ಪ ದೊರೆ, ನಾನೇ ನೀರು ಬುಡಾದು. ಅದ್ನಾಕು ತಿಂಗ್ಳಿಂದ ಒಂದ್ವಾರ ತಪ್ಸಿಲ್ಲ. ಜ್ವರ ಬಂದಾಗ್ಲೂ ಬಂದಿವ್ನಿ. ಏನು ಸಿಕ್ಸೆ ಕೊಡ್ತೀರೋ ಕೊಡಿ."

ಅಮೃತೇಶ ಕಣ್ಣು ಮುಚ್ಚಿಕೊಂಡ. ಐದು ವರ್ಷ ಕಪಿಲೆಯಲ್ಲಿ ತೇಲಿ ಹೋಗುವುದು ಕಣ್ಣೊಳಗೆ ಕಂಡಿತು. ಕಣ್ಣು ಬಿಟ್ಟಾಗ ಅಷ್ಟುದ್ದದ ಪ್ರೊಫೆಸರ್ ಅರ್ಧಕ್ಕೆ ಬಾಗಿ ಚನ್ನಾಜಮ್ಮನಿಗೆ ಎರಡೂ ಕೈ ಜೋಡಿಸಿದ್ದರು.

ಆಮೇಲೆ ಪ್ರೊಫೆಸರ್ ಬಹಳ ಹೊತ್ತು ಮಾತಾಡಿದರು. ಮದನ್ ಸಾರ್ ಹೇಳುತ್ತ ಹೇಳುತ್ತ ಕುಗ್ಗುತ್ತಾ ಹೋದರು. ನಿಜ ಸಂಗತಿ ಹೀಗಿತ್ತು. ಸೋಮವಾರದ ಮಳೆ ಮಳೆಯಲ್ಲ ಎಂದು ಹಾಲೆಂಡಿನವರಿಗೆ ಮೂರನೇ ವಾರವೇ ಗೊತ್ತಾಗಿತ್ತು. ಮೋಡಕ್ಕೆ ಅಳತೆ ಗೊತ್ತಿರುವುದಿಲ್ಲ. ವಾರ ವಾರವೂ ಸರಿಯಾಗಿ ಇಪ್ಪತ್ತೈದೇ ಸುರಿಯಬೇಕಾದರೆ ಅದು ಪಾತ್ರೆಯೇ. ಇಪ್ಪತ್ತೆರಡು ಪುಟವನ್ನು ಅವರು ಓದಿ ನಕ್ಕು ಇಟ್ಟಿದ್ದರು. ಅವರಿಗಿದ್ದ ಚಿಂತೆ ಬೇರೆ. ನಲವತ್ತು ಮಾಪಕಗಳಲ್ಲಿ ಮೂವತ್ತೊಂಬತ್ತು ಈಗ ನೆಟ್ಟ ಜಾಗದಲ್ಲಿ ಇರಲಿಲ್ಲ. ಹಿಂದಿನ ದಿನ ಹೆಮ್ಮಿಗೆಗೆ ಹೋದರೆ ಅಲ್ಲಿಯದು ಒಂದು ಮನೆಯಲ್ಲಿ ಭತ್ತ ಅಳೆಯುತ್ತಿತ್ತು. ಇನ್ನೊಂದೂರಿನದರಲ್ಲಿ ಕೋಳಿ ಕಾವಿಗೆ ಕೂತಿತ್ತು. ಇಷ್ಟಾದರೂ ಮೂವತ್ತೊಂಬತ್ತು ವೀಕ್ಷಕರಿಂದಲೂ ದಿನಾ ಲೆಕ್ಕ ಮಾತ್ರ ತಪ್ಪದೆ ಬರುತ್ತಿತ್ತು. ಯಾರೂ ಕೀಳದೆ, ಒಡೆಯದೆ, ಬಗ್ಗದೆ ಉಳಿದದ್ದು ಗೌಜಲಹುಂಡಿಯದು ಒಂದೇ. ಅದನ್ನು ಕಾಪಾಡುತ್ತಿರುವ ಕೈ ಯಾವುದೆಂದು ನೋಡಲೆಂದೇ ಪ್ರೊಫೆಸರ್ ಏಳು ಸಮುದ್ರ ದಾಟಿ ಬಂದಿದ್ದರು.

"ಎರಡನೇ ಹಂತದಲ್ಲಿ ಅಳತೆಯನ್ನ ಯಂತ್ರವೇ ನೇರವಾಗಿ ಕಳಿಸುತ್ತಂತೆ" ಎಂದು ಮದನ್ ಸಾರ್ ಬತ್ತಿದ ದನಿಯಲ್ಲಿ ಮುಗಿಸಿದರು. "ವೀಕ್ಷಕರು ಬೇಕಾಗಿಲ್ಲ. ಬೇಕಾಗಿರೋದು ಪಾಲಕರು. ಗೌಜಲಹುಂಡಿಯ ಹುದ್ದೆ ಐದು ವರ್ಷಕ್ಕೆ ಈ ಅಜ್ಜಿಗೆ."

ಪ್ರೊಫೆಸರ್ ಹರಿಯದೆ ಉಳಿದ ನೇಮಕದ ಕಾಗದವನ್ನು ಎರಡೂ ಕೈಯಲ್ಲಿ ಅಜ್ಜಿಗೆ ಕೊಟ್ಟರು. ಊರು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಬಸವಯ್ಯ. "ನಾನು ಮೊದ್ಲೇ ಏಳ್ದೆ ಸಾ, ನಿಜ ಏಳ್ಬುಡಿ ಅಂತ" ಎಂದು ಅವನು ಅಮೃತೇಶನ ಬೆನ್ನು ಚಪ್ಪರಿಸಿದ.

ಪ್ರೊಫೆಸರ್ ಕುಡಿಯಲು ನೀರು ಕೇಳಿದರು. ಕರಿಯಯ್ಯ ನಲ್ಲಿ ತಿರುಗಿಸಿದ. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಎರಡು ದೇಶಗಳ ನೀರಿನ ಸಹಕಾರ ಕೊನೆಗೆ ಒಂದು ಎಳನೀರಿನಲ್ಲಿ ಮುಗಿದು, ಕಾರು ಹೊರಟುಹೋಯಿತು. ಆಗ ಊರಿನ ಹೆಂಗಸರಿಗೆ ಇಡೀ ದಿನ ನೀರಿಲ್ಲವೆಂಬುದು ನೆನಪಾಯಿತು. ಯಾರ ದೆಸೆಯಿಂದ ಎಂಬುದೂ ನೆನಪಾಯಿತು. ನೋಡುತ್ತಿದ್ದಂತೆಯೇ ಅಮೃತೇಶನ ಮುಂದೆ ಹದಿನಾರು ಕೊಡಗಳು ಸಾಲಾಗಿ ಬಂದು ಕೂತವು. ಬೋರಿಂಗ್ ಕೈಪಂಪು ಊರ ಆ ತುದಿಗಿತ್ತು.

ಮೂರನೆಯ ಸುತ್ತಿಗೆ ಅವನು ಕೊಡ ಇಳಿಸಿ ಉಸಿರು ಬಿಡುತ್ತಿದ್ದಾಗ ಚನ್ನಾಜಮ್ಮ ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಬಂದರು.

"ಬ್ಯಾಸ್ರ ಮಾಡ್ಕಬ್ಯಾಡ ಮಗ. ನಿನ್ನೂ ಬುಡಬ್ಯಾಡಿ ಅಂತ ನಾನೇ ಏಳ್ದೆ. ಸಹಾಯಕ್ರು ಬೇಕಾರೆ ನೀವೇ ಮಡೀಕಳಿ ಅಂದ್ರು. ಸಂಬ್ಳ ಇಲ್ವಂತೆ. ಮುದ್ದೆ ಊಟ ನಮ್ಮನೇಲಿ. ವಾರವಾರ ನಂಜನಗೂಡಿಂದ ಬತ್ತಾ ಬಿಲ್ಪತ್ರೆ ತತ್ತಾ. ಆ ಪುಸ್ತಕ್ದಲ್ಲೂ ಬರಿ, ನಂಗೆ ಓದು ಬರಾಕಿಲ್ಲ."

ಅಮೃತೇಶ ಬೇಡವೆನ್ನಬೇಕೆಂದುಕೊಂಡ. ಬಾಯಿಂದ ಬಂದದ್ದು, "ಸೋಮವಾರದ್ದು ಏನಂತ ಬರೀಲಿ ಅಜ್ಜಿ?"

"ಮಳೆ ಬಂದ್ರೆ ಮಳೆ ಬಂತು ಅಂತ ಬರಿ" ಎಂದರು ಚನ್ನಾಜಮ್ಮ. "ಬರ್ನಿಲ್ಲ ಅಂದ್ರೆ ನಾನು ಬಂದಿದ್ದೆ ಅಂತ ಬರಿ."